ವಾಫಲ್ ಮಷಿನ್ ತರುವ ಮುಂಚೆ ನನ್ನ ಟೇಬಲ್ ಒಮ್ಮೆ ನೋಡಿ ಹೋಗಿ

ಇವತ್ತು ನನ್ನ ಟೇಬಲ್ ಮೇಲೆ ಮೂರು ವಾಫಲ್ ಮಷಿನ್ ಹೊಟ್ಟೆ ಬಿಚ್ಚಿಕೊಂಡು ಕೂತಿವೆ. ಕಾದ ಎರಡು ತಟ್ಟೆಗಳ ನಡುವೆ ಹಿಟ್ಟು ಸುರಿದು ಕುಳಿಕುಳಿಯ ವಾಫಲ್ ಬೇಯಿಸುವ ಮಷಿನ್ ಇವು. ಒಂದು ಧಾರವಾಡದ ಸಪ್ತಾಪುರದ್ದು, ಒಂದು ಇಲ್ಲೇ ಗೋಕುಲ ರೋಡಿನದು, ಇನ್ನೊಂದು ಗದಗಿನ ಮುಳಗುಂದ ನಾಕಾದಿಂದ ಗೋಣಿಚೀಲ ಸುತ್ತಿಕೊಂಡು ಬಸ್ಸಿನಲ್ಲಿ ಬಂದದ್ದು. ಕಂಪನಿ ಬೇರೆ, ಬಣ್ಣ ಬೇರೆ, ರೇಟು ಬೇರೆ. ಜಡ್ಡು ಮಾತ್ರ ಒಂದೇ: "ಕೆಳಗಿಂದು ಕಾಯತೈತ್ರಿ, ಮ್ಯಾಲಿಂದು ಕಾಯವಲ್ದು."

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಹದಿನೆಂಟು ವರ್ಷದಿಂದ ರಿಪೇರಿ ಅಂಗಡಿ ನನ್ನದು. ಮಿಕ್ಸರ್, ಇಸ್ತ್ರಿ, ಗೀಸರ್ ಮಾಡುತ್ತಿದ್ದೆ. ಆಮೇಲೆ ಸ್ಯಾಂಡ್‌ವಿಚ್ ಗ್ರಿಲ್ಲರ್ ಬಂದವು, ಅವುಗಳ ಬೆನ್ನಿಗೇ ವಾಫಲ್. ಮಷಿನ್ ಮಾರುವುದು ನನ್ನ ಕಸುಬಲ್ಲ, ಯಾವ ಕಂಪನಿಯ ಕಮಿಷನ್ನೂ ನನಗಿಲ್ಲ. ಹೊಸದಾಗಿ ಅಂಗಡಿ ಹಾಕುವವರು ರೊಕ್ಕ ಕೊಟ್ಟು ಮಷಿನ್ ತಂದ ಮೇಲೆ ನನ್ನ ಹತ್ತಿರ ಬರುತ್ತಾರೆ. ಕೊಳ್ಳುವ ಮುಂಚೆ ಬಂದಿದ್ದರೆ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಮಾತು. ಆ ಮಾತನ್ನೇ ಬರೆದಿದ್ದೇನೆ, ಚಹಾ ನಿಮ್ಮ ಲೆಕ್ಕ.

ಮೊದಲು ಗೋಡೆ ನೋಡಿ, ಮಷಿನ್ ಆಮೇಲೆ

ನನ್ನ ತಂಗಿಯ ಮಗ ಸಪ್ತಾಪುರದಲ್ಲಿ, ಕೋಚಿಂಗ್ ಹುಡುಗರು ಓಡಾಡುವ ದಾರಿಯಲ್ಲಿ, ಎಂಟು ಫೂಟಿನ ಮಳಿಗೆ ಹಿಡಿದ. ನನ್ನನ್ನೊಂದು ಮಾತು ಕೇಳದೆ ಆನ್‌ಲೈನ್‌ನಲ್ಲಿ ಜೋಡಿ ತಲೆಯ ಮಷಿನ್ ತರಿಸಿದ. ಅಕ್ಕಪಕ್ಕ ಎರಡು ತಟ್ಟೆ, ಮುಖ ಕಾಣುವಂಥ ಸ್ಟೀಲು. ಅದರ ಪ್ಲಗ್ಗಿನ ಪಿನ್ನು ನಮ್ಮ ಸಾಕೆಟ್ಟಿಗೆ ಕೂಡುವುದಿಲ್ಲವೆಂದು ಮಾರಿದವರು ಜೊತೆಗೊಂದು ಅಡಾಪ್ಟರ್ ಇಟ್ಟು ಕಳಿಸಿದ್ದರು. ಇವನು ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ, ಅದೇ ಬೋರ್ಡಿಗೆ ಫ್ರಿಜ್ಜು, ಮಿಕ್ಸರು ಎರಡನ್ನೂ ಹಾಕಿದ. ಏಳನೇ ದಿನ ಸಂಜೆ ಫೋನು ಬಂತು.

"ಮಾಮಾ, ಬೋರ್ಡ್ ಕರಗಾಕ ಹತ್ತೈತಿ, ನಾತ ಬರಾಕ ಹತ್ತೈತಿ. ಗಿರಾಕಿ ನಿಂತಾರ, ಏನ್ ಮಾಡ್ಲಿ?"

"ಮೊದ್ಲ ಮೇನ್ ಬಂದ್ ಮಾಡಪಾ. ಗಿರಾಕಿ ಆಮ್ಯಾಲೆ."

ಲೆಕ್ಕ ಸರಳ. ಮಷಿನ್ನಿನ ಹಿಂದೆ ಅಥವಾ ತಳದಲ್ಲಿ ಒಂದು ಚೀಟಿ ಇರುತ್ತದೆ, ಅದರಲ್ಲಿ ವ್ಯಾಟ್ ಬರೆದಿರುತ್ತಾರೆ. ಅದನ್ನು ನಮ್ಮ ಕರೆಂಟಿನ ವೋಲ್ಟೇಜ್ ಆದ 230ರಿಂದ ಭಾಗಿಸಿ, ಬಂದದ್ದು ಆಂಪಿಯರ್. ಒಂಟಿ ತಲೆಯ 1200 ವ್ಯಾಟಿನ ಮಷಿನ್ 5 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಜೋಡಿ ತಲೆಯದು 2400 ವ್ಯಾಟ್ ಇದ್ದರೆ 10ಕ್ಕೂ ಹೆಚ್ಚು. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದು, ಗೀಸರ್ ಹಾಕುವ ದೊಡ್ಡದು 16ರದು. ಒಂಟಿ ತಲೆಯದನ್ನು ಸಣ್ಣ ಸಾಕೆಟ್ಟಿಗೆ ಹಾಕಿದರೂ ದಿನಕ್ಕೆ ಐದು ತಾಸು ಅದು ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತಿರುತ್ತದೆ. ಜೋಡಿ ತಲೆಯದಕ್ಕಂತೂ ಸಣ್ಣ ಸಾಕೆಟ್ಟಿನ ಮಾತೇ ಬೇಡ. ನಾನು ಯಾರಿಗೇ ಆದರೂ ಹೇಳುವುದು ಇಷ್ಟು: ಮಷಿನ್ನಿಗೊಂದು 16ರ ಸಾಕೆಟ್, ಮೇನ್ ಬೋರ್ಡಿನಿಂದ ನೇರವಾಗಿ 2.5 ಎಂಎಂ ವೈರು, ಮೊಳೆ ಹೊಡೆದಷ್ಟು ಗಟ್ಟಿ ಅರ್ಥಿಂಗ್, ಜೊತೆಗೆ ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಕೈಯಲ್ಲಿ ಹಸಿ ಹಿಟ್ಟು, ಕಾಲಡಿ ತೊಯ್ದ ನೆಲ, ಎದುರಿಗೆ ಸ್ಟೀಲಿನ ಮೈ. ಈ ಮೂರೂ ಕೂಡಿದ ಕಡೆ ಅರ್ಥಿಂಗ್ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಬಾಡಿಗೆ ಮಳಿಗೆಯಾದರೆ ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟಿದೆ, ಮೀಟರು ವಾಣಿಜ್ಯದ್ದೋ ಮನೆಯದ್ದೋ ಎಂದು ಅಡ್ವಾನ್ಸ್ ಕೊಡುವ ಮುಂಚೆಯೇ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ಸಂಜೆ ಎಲ್ಲರೂ ಲೈಟು, ಮೋಟರು ಹಚ್ಚಿದಾಗ ಕೆಲವು ಓಣಿಗಳಲ್ಲಿ ವೋಲ್ಟೇಜ್ 200ಕ್ಕೆ ಇಳಿಯುತ್ತದೆ. 230ರಿಂದ 200 ಎಂದರೆ ಎಂಟನೇ ಒಂದು ಭಾಗ ಕಡಿಮೆಯಾಯಿತು, ಕಾವೂ ಅಷ್ಟೇ ಕಡಿಮೆಯಾದೀತು ಅಂದುಕೊಂಡರೆ ತಪ್ಪು. ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 1200 ವ್ಯಾಟಿನ ಮಷಿನ್ ಆಗ ಕೊಡುವುದು ಸುಮಾರು 900. ಮಧ್ಯಾಹ್ನ ನಾಲ್ಕು ನಿಮಿಷಕ್ಕೆ ಗರಿಗರಿಯಾಗುತ್ತಿದ್ದ ವಾಫಲ್, ರಶ್ಶಿನ ಹೊತ್ತಿಗೆ ಐದಾರು ನಿಮಿಷವಾದರೂ ಬೆಳ್ಳಗೆ ಮೆತ್ತಗೆ ಕೂತಿರುತ್ತದೆ. ಹುಡುಗರು ಹಿಟ್ಟನ್ನು ಬಯ್ಯುತ್ತಾರೆ, ಹಿಟ್ಟಿನ ತಪ್ಪಲ್ಲ ಅದು. ಒಂದು ಮಲ್ಟಿಮೀಟರ್ ತಂದು ನಿಮ್ಮ ಮಳಿಗೆಯಲ್ಲಿ ಸಂಜೆ ಏಳೂವರೆಗೆ ವೋಲ್ಟೇಜ್ ಅಳೆಯಿರಿ. ಕಡಿಮೆ ಬರುವ ಜಾಗವಾದರೆ, ವ್ಯಾಟ್ ಹೆಚ್ಚಿರುವ ಮಷಿನ್ನನ್ನೇ ಆರಿಸಿ. ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇದ್ದೇ ಇರುತ್ತದಲ್ಲ, ವೋಲ್ಟೇಜ್ ಚೆನ್ನಾಗಿದ್ದಾಗ ಅದು ತಾನೇ ಕಟ್ ಮಾಡುತ್ತದೆ. ಮನೆಯ ಸಣ್ಣ ಇನ್ವರ್ಟರ್ ಮೇಲೆ ಇದನ್ನು ನಡೆಸುತ್ತೇನೆಂಬ ಆಸೆ ಬಿಡಿ.

ಗ್ಯಾಸಿನ ಮಷಿನ್ ತರಲೇ ಎಂದು ಗಾಡಾದವರು ಕೇಳುತ್ತಾರೆ. ಕರೆಂಟ್ ಇಲ್ಲದ ಜಾತ್ರೆಗೆ ಅದೇ ಸರಿ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಹಚ್ಚಬೇಕು. ಆದರೆ ಉರಿ ಕೆಳಗಿನಿಂದ ಮಾತ್ರ. ಹಾಗಾಗಿ ಮುಚ್ಚಿ ತಿರುವುತ್ತಲೇ ಇರಬೇಕು. ಅಮೆರಿಕದ ಕಾರ್ನೆಲಿಯಸ್ ಸ್ವಾರ್ಟ್‌ಹೌಟ್ 1869ರಲ್ಲಿ ಒಲೆಯ ಮೇಲಿಡುವ ವಾಫಲ್ ಕಬ್ಬಿಣಕ್ಕೆ ಪೇಟೆಂಟ್ ತೆಗೆದದ್ದು ಇಂಥದ್ದಕ್ಕೇ: ಹಿಡಿಕೆ ಹಿಡಿದು ಸಲೀಸಾಗಿ ತಿರುವಲು ಬರಬೇಕು. ಕೈ ಪಳಗಿದವರಿಗೆ ಅದು ಕಷ್ಟವಲ್ಲ, ಪಗಾರದ ಹುಡುಗನ ಕೈಯಲ್ಲಿ ಅರ್ಧ ಕರಿ, ಅರ್ಧ ಹಸಿ.

ಒಂದು ಜೋಡಿಯೋ, ಎರಡು ಒಂಟಿಯೋ

ದಿನಕ್ಕೆ ಎಷ್ಟು ವಾಫಲ್ ಮಾರುತ್ತೀರಿ ಅನ್ನುವುದು ಮುಖ್ಯವಲ್ಲ. ಏಳರಿಂದ ಎಂಟೂವರೆ ಒಳಗೆ ಎಷ್ಟು ಅನ್ನುವುದು ಮುಖ್ಯ. ಹಿಟ್ಟು ಸುರಿದು, ಬೇಯಿಸಿ, ಬಿಡಿಸಿ, ತಟ್ಟೆ ಒರೆಸಿ ಮತ್ತೆ ಸುರಿಯುವವರೆಗೆ ಸಾಮಾನ್ಯ ಐದು ನಿಮಿಷ ಹಿಡಿಯಿರಿ. ಒಂದು ತಲೆಗೆ ತಾಸಿಗೆ ಹನ್ನೆರಡು, ಅದೂ ಕೈ ನಿಲ್ಲದಿದ್ದರೆ. ಎರಡು ತಲೆಗೆ ಇಪ್ಪತ್ನಾಲ್ಕು ಅಂತ ಕಾಗದದ ಮೇಲೆ ಬರುತ್ತದೆ. ಒಬ್ಬನೇ ಚಾಕೊಲೇಟ್ ಸುರಿದು, ಫೋನ್‌ಪೇ ನೋಡಿ, ಪಾರ್ಸಲ್ ಕಟ್ಟುವಾಗ ಇಪ್ಪತ್ತರ ಮೇಲೆ ಹೋಗುವುದಿಲ್ಲ.

ನನ್ನ ಅಭಿಪ್ರಾಯ ಖಚಿತ: ಜೋಡಿ ತಲೆಯ ಒಂದರ ಬದಲು ಒಂಟಿ ತಲೆಯ ಎರಡು ತನ್ನಿ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿಯೇ ನಿಂತಿತು. ಜೋಡಿ ಮಷಿನ್ನಿನ ಒಂದು ಬದಿ ಕೆಟ್ಟರೂ ರಿಪೇರಿಗೆ ಬರುವುದು ಎರಡೂ ಬದಿ, ನಿಮ್ಮ ಕೌಂಟರ್ ಖಾಲಿ. ಎರಡು ಒಂಟಿ ಇದ್ದರೆ ಒಂದು ನನ್ನ ಟೇಬಲ್ ಮೇಲಿದ್ದಾಗ ಇನ್ನೊಂದು ದುಡಿಯುತ್ತಿರುತ್ತದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಒಂದನ್ನು ಬಂದ್ ಮಾಡಬಹುದು. ಎರಡು ಬೇರೆ ಸಾಕೆಟ್ ಮೇಲೆ ಲೋಡೂ ಹಂಚಿಹೋಗುತ್ತದೆ. ಎಗ್‌ಲೆಸ್ ಒಂದರಲ್ಲಿ, ಮೊಟ್ಟೆಯದು ಇನ್ನೊಂದರಲ್ಲಿ ಎಂದು ಬೋರ್ಡ್ ಹಾಕಿದರೆ ನಮ್ಮ ಕಡೆ ಅದನ್ನು ಕೇಳಿಯೇ ಒಳಗೆ ಬರುವವರಿದ್ದಾರೆ. ಕೌಂಟರ್ ಜಾಗ ಸ್ವಲ್ಪ ಹೆಚ್ಚು ತಿನ್ನುತ್ತದೆ, ಅದೊಂದೇ ದೂರು.

ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಂಡಗೆ ಆಳದ ಕುಳಿಯ ಬೆಲ್ಜಿಯನ್ ನಮೂನೆಗೆ ಪ್ಲೇಟು, ಚಮಚ, ಕೂರುವ ಜಾಗ ಬೇಕು. ನಡೆದುಕೊಂಡೇ ತಿನ್ನುವ ಕಾಲೇಜಿನವರಿಗೆ ಕಡ್ಡಿ ವಾಫಲ್ ಸರಿ. ಬಬಲ್ ವಾಫಲ್ ನೋಡಲು ಚಂದ, ಆದರೆ ಆ ಗುಳ್ಳೆ ತಟ್ಟೆಯಲ್ಲಿ ಮತ್ತೇನೂ ಮಾಡಲು ಬರುವುದಿಲ್ಲ. ಯಾವುದೇ ಇರಲಿ, ತಟ್ಟೆಗೆ ಎಷ್ಟು ಸೌಟು ಹಿಟ್ಟು ಹಿಡಿಯುತ್ತದೆ ಎಂದು ಮೊದಲೇ ಅಳೆಯಿರಿ. ತಟ್ಟೆ ದೊಡ್ಡದಾದಷ್ಟೂ ನಿಮ್ಮ ಪ್ರತಿ ವಾಫಲಿನ ಹಿಟ್ಟಿನ ಖರ್ಚು ಏರುತ್ತದೆ, ಅದನ್ನು ಆಮೇಲೆ ಇಳಿಸಲು ಬರುವುದಿಲ್ಲ.

ತಟ್ಟೆಗೆ ಮ್ಯಾಗ್ನೆಟ್ ಹಚ್ಚಿ

ಅಂಗಡಿಯವರು ಮ್ಯಾಗ್ನೆಟ್ ತಂದು ಮಷಿನ್ನಿನ ಮೈಗೆ ಹಚ್ಚಿ, "ನೋಡ್ರಿ, ಹತ್ತಂಗಿಲ್ಲ, ಅಸಲಿ 304" ಅನ್ನುತ್ತಾರೆ. 304 ದರ್ಜೆಯ ಸ್ಟೀಲಿಗೆ ಮ್ಯಾಗ್ನೆಟ್ ಹತ್ತುವುದಿಲ್ಲ, ನಿಜ. ಅಗ್ಗದ 202ಕ್ಕೂ ಹತ್ತುವುದಿಲ್ಲ, ಅದನ್ನು ಮಾತ್ರ ಹೇಳುವುದಿಲ್ಲ. ಮೈ ಯಾವ ಸ್ಟೀಲಾದರೂ ವಾಫಲ್ ಬೇಯುವುದು ತಟ್ಟೆಯಲ್ಲಿ. ಆ ಮ್ಯಾಗ್ನೆಟ್ ಇಸಕೊಂಡು ತಟ್ಟೆಗೆ ಹಚ್ಚಿ. ಹತ್ತಿದರೆ ಬೀಡು ಕಬ್ಬಿಣ, ಹತ್ತದಿದ್ದರೆ ಅಲ್ಯೂಮಿನಿಯಂ.

ಬೀಡು ಎಂದರೆ ನಮ್ಮ ಮನೆಯ ಹಂಚಿನ ಸ್ವಭಾವ. ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ತಣ್ಣನೆ ಹಿಟ್ಟು ಸುರಿದರೂ ಜಗ್ಗುವುದಿಲ್ಲ, ಒಂದರ ಮೇಲೊಂದು ತೆಗೆಯುತ್ತಲೇ ಇರಬಹುದು. ಆದರೆ ಪಳಗಿಸಬೇಕು. ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಸವರಿ, ಸೊಸೆಯ ಕೈಗೆ ಕೊಟ್ಟ ಹಂಚಿನಂತೆ ಜೋಪಾನ ಮಾಡಬೇಕು. ಸೋಪಿನ ನೀರಲ್ಲಿ ನೆನೆಹಾಕಿದರೆ ಮುಗಿಯಿತು, ತುಕ್ಕು. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಹಗುರ, ಮೇಲೆ ನಾನ್‌ಸ್ಟಿಕ್ ಲೇಪ ಇರುತ್ತದೆ. ನಮ್ಮ ಊರಿನ ಸಣ್ಣ ಅಂಗಡಿಗಳಿಗೆ ನಾನು ದಪ್ಪ ಅಲ್ಯೂಮಿನಿಯಂ ಹೇಳುತ್ತೇನೆ, ಯಾಕೆಂದರೆ ಪಳಗಿಸುವ ತಾಳ್ಮೆ ಇರುವವರು ಕಡಿಮೆ. ದಪ್ಪ ಎಂದರೆ ಎಷ್ಟು? ಒಂಟಿ ತಲೆಯ ಮಷಿನ್ನನ್ನು ಒಂದೇ ಕೈಯಲ್ಲಿ ಆಟದ ಸಾಮಾನಿನಂತೆ ಎತ್ತಲು ಬಂದರೆ ವಾಪಸ್ ಇಟ್ಟು ಬನ್ನಿ.

ಲೇಪಕ್ಕೆ ಮೂರು ವೈರಿಗಳು: ಚೂರಿಯ ತುದಿ, ಖಾಲಿ ತಟ್ಟೆಯನ್ನು ಹೈನಲ್ಲಿ ಬಿಡುವುದು, ಸ್ಪ್ರೇ ಎಣ್ಣೆ. ಟೆಫ್ಲಾನ್ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ, ವಾಫಲ್‌ಗೆ 180ರ ಆಸುಪಾಸು ಸಾಕು. ಹಾಗಿದ್ದರೂ ನಾಬ್‌ನಲ್ಲಿ 300ರ ತನಕ ಗೆರೆ ಇರುತ್ತದೆ, ಹುಡುಗರು "ಲಗೂ ಕಾಯ್ಲಿ" ಅಂತ ಅಲ್ಲಿಗೇ ತಿರುವಿ ಬಿಡುತ್ತಾರೆ. ಸ್ಪ್ರೇ ಡಬ್ಬಿಯ ಎಣ್ಣೆ ಕುಳಿಗಳಲ್ಲಿ ಕಂದು ಅಂಟಾಗಿ ಕೂಡುತ್ತದೆ. ಬ್ರಷ್ಷಿನಿಂದ ತೆಳ್ಳಗೆ ಎಣ್ಣೆಯನ್ನೋ ತುಪ್ಪವನ್ನೋ ಸವರಿದರೆ ಆಯಿತು.

ಹಿಂಜು, ಅಂದರೆ ಮುಚ್ಚಳದ ಕೀಲು: ಇಲ್ಲೇ ಎಲ್ಲ ಕೆಡುವುದು

ಮೊದಲು ಹೇಳಿದ ಮೂರು ಮಷಿನ್ನಿನ ಜಡ್ಡಿಗೆ ಬರೋಣ. ಕೆಳಗಿನ ತಟ್ಟೆಗೆ ಕರೆಂಟ್ ಸೀದಾ ಹೋಗುತ್ತದೆ. ಮೇಲಿನ ತಟ್ಟೆಗೆ ಹೋಗುವ ವೈರು ಹಿಂಜಿನ ಸಂದಿಯಿಂದ ಹಾಯಬೇಕು. ಮುಚ್ಚಳ ತೆರೆದಾಗೊಮ್ಮೆ ಮಡಚುತ್ತದೆ, ಮುಚ್ಚಿದಾಗೊಮ್ಮೆ ನೇರವಾಗುತ್ತದೆ. ದಿನಕ್ಕೆ ಐವತ್ತು ವಾಫಲ್ ಎಂದರೆ ಐವತ್ತು ಸಲ ತೆರೆದು ಮುಚ್ಚಿದ್ದಾಯಿತು, ಎಲ್ಲವೂ ಸುಡುವ ಕಾವಿನಲ್ಲಿ. ಗದಗಿನ ಮಷಿನ್ನಿನ ವೈರನ್ನು ಈಗಷ್ಟೇ ಎಳೆದು ತೆಗೆದೆ. ಮೇಲಿನ ಬಿಳಿ ಗ್ಲಾಸ್‌ಫೈಬರ್ ಸ್ಲೀವ್ ಅಲ್ಲೊಂದೇ ಕಡೆ ಕರ್ರಗಾಗಿದೆ. ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತದೆ. ಒಳಗೆ ತಾಮ್ರದ ಎಳೆಗಳು ಹಳೆಯ ಕಸಬರಿಗೆಯ ಹಾಗೆ ಒಂದೊಂದಾಗಿ ಮುರಿದು, ಕೊನೆಗೆ ಮೂರೇ ಎಳೆ ಉಳಿದಿದ್ದವು. ಆ ಮೂರೂ ನೀಲಿಗಟ್ಟಿವೆ. ಹೊರಗಿನಿಂದ ನೋಡಿದರೆ ವೈರು ಸಾಬೂತು.

ಹಾಗಾಗಿ ಕೊಳ್ಳುವಾಗ ಮಷಿನ್ನನ್ನು ಹಿಂದೆ ತಿರುಗಿಸಿ ಹಿಂಜು ನೋಡಿ. ವೈರು ಸ್ಪ್ರಿಂಗಿನ ಅಥವಾ ಲೋಹದ ನಳಿಗೆಯ ಒಳಗಿದೆಯೇ? ಮುಚ್ಚಳ ಪೂರ್ತಿ ತೆರೆದಾಗ ವೈರು ಬಿಗಿದು ನಿಲ್ಲದೆ ಸಡಿಲವಾಗಿ ಒಂದು ಬಳುಕು ಉಳಿದಿದೆಯೇ? ಇಪ್ಪತ್ತು ಸಲ ತೆರೆದು ಮುಚ್ಚಿ, ಅಂಗಡಿಯವ ಮುಖ ಸಣ್ಣ ಮಾಡಿದರೂ ಬಿಡಬೇಡಿ. ಮುಚ್ಚಳ ಎಡಬಲಕ್ಕೆ ಅಲುಗಾಡಬಾರದು. ಮುಚ್ಚಿದ ಮೇಲೆ ಒಂದು ತೆಳ್ಳನೆ ಕಾಗದವನ್ನು ನಾಲ್ಕು ಕಡೆ ಅಂಚಿನಲ್ಲಿ ಸಿಗಿಸಿ ಎಳೆಯಿರಿ, ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಒಂದು ಕಡೆ ಸಲೀಸಾಗಿ ಬಂತೆಂದರೆ ಅಲ್ಲಿಂದಲೇ ಹಿಟ್ಟು ಸೋರುತ್ತದೆ, ಆ ಹಿಟ್ಟು ಇಳಿದು ಥರ್ಮೋಸ್ಟಾಟ್ ಮೇಲೆ ಸುಟ್ಟು ಕೂಡುತ್ತದೆ.

ತಿರುವುವ ಮಷಿನ್ ಕೊಳ್ಳುವವರು ಇನ್ನೊಂದು ನೋಡಬೇಕು. ಕರೆಂಟಿನ ಮಷಿನ್ನಲ್ಲಿ ಎರಡೂ ಕಡೆ ಕಾವಿದ್ದರೂ ತಿರುವುವುದು, ಹಿಟ್ಟು ಗಟ್ಟಿಯಾಗುವ ಮುಂಚೆ ಮೇಲಿನ ಕುಳಿಗಳಿಗೂ ಇಳಿಯಲಿ ಎಂದು. ಅದು ಅರ್ಧ ಸುತ್ತು ತಿರುಗಿ ನಿಲ್ಲಬೇಕು, ಮತ್ತೆ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಗಾಣದ ಹಾಗೆ ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಒಳಗೆ ವೈರು ಹುರಿಗಟ್ಟಿ ಹರಿಯುತ್ತದೆ.

ನಾಬ್ ಸಾಕು, ಡಿಜಿಟಲ್ ಬೇಡ

ಡಿಜಿಟಲ್ ಡಿಸ್‌ಪ್ಲೇ ನೋಡಲು ಚಂದ. ಎಣ್ಣೆಯ ಹಬೆ, ವೋಲ್ಟೇಜಿನ ಏರಿಳಿತ ಎರಡೂ ಸೇರಿ ಆ ಬೋರ್ಡ್ ಕೊಂದರೆ ಅದೇ ಬೋರ್ಡ್ ಹುಡುಕಿ ತರಿಸಬೇಕು. ನಾಬಿನ ಥರ್ಮೋಸ್ಟಾಟ್, ಗಂಟೆ ಬಾರಿಸುವ ಐದು ನಿಮಿಷದ ಟೈಮರ್ ಎರಡೂ ಹುಬ್ಬಳ್ಳಿಯಲ್ಲೇ ಸಿಗುತ್ತವೆ, ಅರ್ಧ ತಾಸಿನ ಕೆಲಸ. ಕೇಳಬೇಕಾದ ಪ್ರಶ್ನೆ ಒಂದು: ಮೇಲಿನ ತಟ್ಟೆಗೂ ಕೆಳಗಿನದಕ್ಕೂ ಬೇರೆ ಬೇರೆ ಥರ್ಮೋಸ್ಟಾಟ್ ಇದೆಯೇ? ಅಗ್ಗದವುಗಳಲ್ಲಿ ಕೆಳಗೆ ಮಾತ್ರ ಇರುತ್ತದೆ, ಮೇಲಿನದು ಕುರುಡನಂತೆ ಹಿಂಬಾಲಿಸುತ್ತದೆ.

ಮನೆಬಳಕೆಯ ಪ್ಲಾಸ್ಟಿಕ್ ಮೈಯ ಮಷಿನ್ ತಂದು ಅಂಗಡಿ ನಡೆಸುವವರೂ ಇದ್ದಾರೆ. ಅವರ ವಾರಂಟಿ ಕಾರ್ಡಿನ ಸಣ್ಣಕ್ಷರದಲ್ಲಿ ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲವೆಂದು ಸಾಮಾನ್ಯವಾಗಿ ಬರೆದೇ ಇರುತ್ತದೆ. ವಿದೇಶದಿಂದ ಯಾರೋ ತಂದುಕೊಟ್ಟ ಮಷಿನ್ ಆದರೆ ಚೀಟಿಯಲ್ಲಿ 220–240 ವೋಲ್ಟ್ ಇದೆಯೋ ನೋಡಿ. 110 ಅಥವಾ 120 ಎಂದಿದ್ದರೆ ನಮ್ಮ ಸಾಕೆಟ್ಟಿಗೆ ಹಾಕಲೇಬೇಡಿ, ನಾಲ್ಕು ಪಟ್ಟು ಕಾವಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ.

ಡಬ್ಬಿಯಲ್ಲಿ ನಿಮ್ಮ ಹಿಟ್ಟು ಒಯ್ಯಿರಿ

ಅಂಗಡಿಯಲ್ಲಿ ತೋರಿಸುವ ಹಿಟ್ಟು ಅವರ ಮಷಿನ್ನಿಗೆ ಒಗ್ಗಿದ ಹಿಟ್ಟು. ನೀವು ಮಾರುವ ಹಿಟ್ಟನ್ನೇ ಒಂದು ಲೀಟರ್ ಊಟದ ಡಬ್ಬಿಯಲ್ಲಿ ಕಲಸಿಕೊಂಡು ಹೋಗಿ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುತ್ತದೆ, ಮೊಟ್ಟೆ ಇಲ್ಲದ ಹಿಟ್ಟು ಇನ್ನೂ ಸತಾಯಿಸುತ್ತದೆ, ಆದ್ದರಿಂದ ಎಗ್‌ಲೆಸ್ಸನ್ನೇ ಒಯ್ಯಿರಿ. ಮೊದಲ ವಾಫಲ್ ಲೆಕ್ಕಕ್ಕಿಲ್ಲ, ಮೊದಲ ದೋಸೆಯ ಹಾಗೆ. ಎರಡು, ಮೂರು, ನಾಲ್ಕನೆಯದನ್ನು ಪುರುಸೊತ್ತು ಕೊಡದೆ ಒಂದರ ಹಿಂದೊಂದು ಹಾಕಿಸಿ, ಫೋನಿನಲ್ಲಿ ಟೈಮ್ ಹಿಡಿಯಿರಿ. ಎರಡನೆಯದು ನಾಲ್ಕು ನಿಮಿಷಕ್ಕೆ ಆಗಿ ನಾಲ್ಕನೆಯದು ಆರು ನಿಮಿಷ ಕೇಳಿದರೆ ತಟ್ಟೆಯಲ್ಲಿ ಕಸುವಿಲ್ಲ. ಆಮೇಲೆ ಆ ವಾಫಲನ್ನು ತಿರುವಿ ಎರಡೂ ಮೈ ನೋಡಿ. ನಡುವೆ ಕಂದು, ಅಂಚಿಗೆ ಬಿಳಿ ಇದ್ದರೆ ಒಳಗೆ ಹೀಟರಿನ ಕಡ್ಡಿ ನಡುವಿನಲ್ಲೇ ಸುರುಳಿ ಸುತ್ತಿದೆ, ಅಂಚಿಗೆ ತಲುಪಿಲ್ಲ. ಒಂದು ಮೈ ಕಂದು, ಇನ್ನೊಂದು ಮೈ ಬಿಳಿ ಇದ್ದರೆ ಥರ್ಮೋಸ್ಟಾಟಿನ ಕಥೆ ಮೇಲೆ ಹೇಳಿದ್ದೇನೆ.

ಕೊನೆಗೆ ರೊಕ್ಕ ಕೊಡುವಾಗ ನಿಮ್ಮ ಅಂಗಡಿಯ ಹೆಸರಿಗೆ ಜಿಎಸ್‌ಟಿ ಬಿಲ್ ಕೇಳಿ. ಜೊತೆಗೇ ಎರಡು ಹೀಟರ್, ಒಂದು ಥರ್ಮೋಸ್ಟಾಟ್, ಒಂದು ಇಂಡಿಕೇಟರ್ ಬಲ್ಬ್ ಸ್ಪೇರ್ ತೆಗೆದುಕೊಳ್ಳಿ. ಸ್ಪೇರ್ ಕೊಡಲಾರೆ ಎನ್ನುವವನ ಹತ್ತಿರ ಮಷಿನ್ ಕೊಳ್ಳಬೇಡಿ, ಎಷ್ಟೇ ಕಡಿಮೆ ಹೇಳಲಿ. ತಂದ ಮೇಲೆ ದಿನಾ ರಾತ್ರಿ, ತಟ್ಟೆ ಬೆಚ್ಚಗಿರುವಾಗಲೇ ನೈಲಾನ್ ಬ್ರಷ್ಷಿನಿಂದ ಕುಳಿ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಾದ ತಟ್ಟೆಗೆ ಚಂಬಿನಿಂದ ನೀರು ಸುರಿಯುವವರನ್ನು ಕಂಡಿದ್ದೇನೆ. ಚೊಂಯ್ ಅನ್ನುವುದು ಅವರಿಗೆ ಮಜಾ. ನೀರು ಒಳಗಿಳಿದರೆ ಹೀಟರ್ ಸತ್ತಿತು, ಅದು ನನಗೆ ಧಂದೆ.

ತಂಗಿಯ ಮಗ ಈಗ ಎರಡು ಒಂಟಿ ಇಟ್ಟಿದ್ದಾನೆ. ಹಳೇ ಜೋಡಿಯದನ್ನು ನನ್ನ ಅಟ್ಟದ ಮೇಲೆ ಬಿಟ್ಟು ಹೋಗಿದ್ದಾನೆ, ಅದರ ಹೀಟರ್ ಕಡ್ಡಿ ಆಗಾಗ ಬೇರೆಯವರಿಗೆ ಕೆಲಸಕ್ಕೆ ಬರುತ್ತವೆ. ಗದಗಿನ ಮಷಿನ್ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಏರಬೇಕು. ಹೊಸ ವೈರಿಗೆ ಹೊಸ ಸ್ಲೀವ್ ಹಾಕಿ ಹಿಂಜಿನಿಂದ ಹಾಯಿಸಿದ್ದೇನೆ. ಕಂಪನಿಯವರು ಬಿಟ್ಟದ್ದಕ್ಕಿಂತ ಎರಡು ಬೆರಳು ಉದ್ದ ಬಿಟ್ಟಿದ್ದೇನೆ, ಮುಚ್ಚಳ ತೆರೆದಾಗ ಜಗ್ಗದಂತೆ.